ಊರಲ್ಲೇ ಅಂಚೆ ಕಚೇರಿ ಇದ್ದರೂ ಪಿನ್ ಕೋಡ್ ಬೇರೆ ಊರಿನದು ಯಾಕೆ?

ಪ್ರಶ್ನೆ: ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಊರಲ್ಲೇ ಪೋಸ್ಟಾಫೀಸಿದೆ, ಆರ್‌ಡಿ ಕಟ್ಟುವುದೂ ಅಲ್ಲೇ. ಪಿನ್ ಕೋಡ್ ಮಾತ್ರ ಪಾಂಡವಪುರದ್ದು, 571434. ಅಕ್ಕಪಕ್ಕದ ಊರುಗಳಿಗೂ ಅದೇ ನಂಬರು. ನಮ್ಮೂರಿಗೇ ಅಂತ ಒಂದು ಪಿನ್ ಯಾಕಿಲ್ಲ? ಕಾಗದಗಳು ತಡವಾಗಿ ಬರುವುದು ಇದರಿಂದಲೇ?

ಉತ್ತರ: ಟಪಾಲಿನ ಚೀಲವನ್ನು ಕೊನೆಗೆ ಯಾವ ಕಚೇರಿಯಲ್ಲಿ ಬಿಚ್ಚಿ ವಿಂಗಡಿಸಬೇಕು ಎಂಬುದನ್ನಷ್ಟೇ ಪಿನ್ ಕೋಡ್ ಹೇಳುತ್ತದೆ. ನಿಮ್ಮೂರಿನದು ಶಾಖಾ ಅಂಚೆ ಕಚೇರಿ, ಇಲಾಖೆಯವರ ಬಾಯಲ್ಲಿ ಬಿ.ಓ. ಅದರ ನಗದು, ಲೆಕ್ಕ, ಟಪಾಲು ಎಲ್ಲವೂ ಒಂದು ಉಪ ಅಂಚೆ ಕಚೇರಿಯ ಮೂಲಕವೇ ಓಡಾಡುತ್ತದೆ. ನಿಮಗೆ ಅದು ಪಾಂಡವಪುರ. ಬಟವಾಡೆ ಮಾಡುವ ಉಪ ಕಚೇರಿ, ಪ್ರಧಾನ ಕಚೇರಿಗಳಿಗೆ ಪಿನ್ ಉಂಟು, ಶಾಖೆಗಳಿಗೆ ಇಲ್ಲ. ದೇಶದಲ್ಲಿ ಸುಮಾರು 1.64 ಲಕ್ಷ ಅಂಚೆ ಕಚೇರಿಗಳಿವೆ, ಪಿನ್‌ಗಳು 19 ಸಾವಿರದ ಆಸುಪಾಸು. ಸರಾಸರಿ ತೆಗೆದರೆ ಒಂದು ನಂಬರಿಗೆ ಎಂಟೊಂಬತ್ತು ಕಚೇರಿ ಬೀಳುತ್ತವೆ. ನಿಮ್ಮೂರಿಗೊಂದಕ್ಕೇ ಆದ ಅನ್ಯಾಯವೇನಲ್ಲ.

ಮೊದಲ ಅಂಕಿ 5 ಎಂದರೆ ಆಂಧ್ರ, ತೆಲಂಗಾಣ, ಕರ್ನಾಟಕ. 56ರಿಂದ 59ರವರೆಗೆ ನಮ್ಮ ರಾಜ್ಯ. ಮೂರನೆಯ ಅಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ: 570 ಮೈಸೂರು ನಗರ, 571 ಅದರ ಸುತ್ತಲಿನ ಸೀಮೆ. ಕೊನೆಯ ಮೂರು ಅಂಕಿ ಕಚೇರಿಯದು. ವಿಂಗಡಣೆಯ ಜಿಲ್ಲೆ ಬೇರೆ, ಕಂದಾಯ ಜಿಲ್ಲೆ ಬೇರೆ. ಮಂಡ್ಯ 571401, ಮಡಿಕೇರಿ 571201, ಚಾಮರಾಜನಗರ 571313, ಎಲ್ಲವೂ 571ರ ಅಡಿಯಲ್ಲೇ. 1997ರಲ್ಲಿ ಚಾಮರಾಜನಗರ ಪ್ರತ್ಯೇಕ ಜಿಲ್ಲೆಯಾಯಿತು, ಪಿನ್ ಕದಲಲಿಲ್ಲ. ತಾಲ್ಲೂಕಿನ ಗಡಿಗೂ ಇದು ಬಗ್ಗುವುದಿಲ್ಲ. ನಿಮ್ಮ ತಾಲ್ಲೂಕಿನದೇ ಆದ ಮೇಲುಕೋಟೆಗೆ 571431. ಕೃಷ್ಣರಾಜಸಾಗರ ಮಂಡ್ಯ ಜಿಲ್ಲೆಯಲ್ಲಿದ್ದರೂ ಅದರ 571607, ಮೈಸೂರು ಜಿಲ್ಲೆಯ ಕೆ.ಆರ್. ನಗರದ 571602ರ ಸಾಲಿಗೆ ಸೇರಿದೆ. ಹಾಗಾಗಿ ತಾಲ್ಲೂಕು ನೋಡಿ ಪಿನ್ ಊಹಿಸಬೇಡಿ.

ದೊಡ್ಡ ಊರಿಗೆ ಚೀಲ ಇಳಿಸಿ ಅಲ್ಲಿಂದ ಹಳ್ಳಿಗೆ ಹಂಚುವ ಕ್ರಮ ಪಿನ್‌ಗಿಂತ ಬಹಳ ಹಳೆಯದು. ಮೈಸೂರಿಗೆ ತನ್ನದೇ ಅಂಚೆ ಇತ್ತು. 17ನೇ ಶತಮಾನದ ಕೊನೆಯಲ್ಲಿ ಚಿಕ್ಕದೇವರಾಜ ಒಡೆಯರು ಅದನ್ನು ಕಟ್ಟಿದರು. ಅಂಚೆಯವರು ಓಲೆ ಮುಟ್ಟಿಸುವುದರ ಜೊತೆಗೆ ಸೀಮೆಯ ಸುದ್ದಿಯನ್ನೂ ಅರಮನೆಗೆ ತಲುಪಿಸುತ್ತಿದ್ದರು. ಬೇಹುಗಾರಿಕೆ ಎಂದರೂ ತಪ್ಪಿಲ್ಲ. ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆ ಈಗಿನ ರೂಪಕ್ಕೆ ಬಂದದ್ದು 1854ರ ಅಕ್ಟೋಬರ್ 1ರಂದು. ಕಾಲು ತೊಲದ ಕಾಗದ ಎಷ್ಟೇ ದೂರ ಹೋಗಲಿ, ಅರ್ಧ ಆಣೆ. ಆಮೇಲೂ ಮೈಸೂರಿನ ಅಂಚೆ ಮೂವತ್ತೈದು ವರ್ಷ ಬೇರೆಯೇ ನಡೆದು, 1889ರಲ್ಲಿ ಆ ಇಲಾಖೆಯಲ್ಲಿ ಸೇರಿಹೋಯಿತು. ಅಷ್ಟರಲ್ಲಿ ಬೆಂಗಳೂರು–ಮೈಸೂರು ರೈಲು ಬಂದಾಗಿತ್ತು.

ಪಿನ್ ಬಂದದ್ದು 1972ರ ಆಗಸ್ಟ್ 15ಕ್ಕೆ, ಕೇಂದ್ರ ಸಂಪರ್ಕ ಸಚಿವಾಲಯದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಅವರ ಯೋಜನೆ. ಒಂದೇ ಹೆಸರಿನ ಊರುಗಳು, ಹತ್ತಾರು ಭಾಷೆಯ ವಿಳಾಸಗಳು, ಓದಲಾಗದ ಅಕ್ಷರ: ಈ ತೊಡಕುಗಳನ್ನು ಬಿಡಿಸಲು ಅದು ಹುಟ್ಟಿತು. ಮಂಡ್ಯ ಸೀಮೆಯಲ್ಲಿ ಹೊಸಹಳ್ಳಿಗಳು ಎಷ್ಟಿವೆ ಎಂದು ನಿಮಗೇ ಗೊತ್ತು. 'ಹೊಸಹಳ್ಳಿ, ಮಂಡ್ಯ ಜಿಲ್ಲೆ' ಎಂದಷ್ಟೇ ಬರೆದರೆ ವಿಂಗಡಿಸುವವರು ಯಾವುದೆಂದು ತಿಳಿಯಬೇಕು?

ಇನ್ನು ತಡದ ವಿಷಯ. ದೊಡ್ಡ ಚೀಲ ಉಪ ಕಚೇರಿಗೆ ಬಂದ ಮೇಲೆ ಕಾಗದಗಳನ್ನು ಪಟ್ಟಣದ ಪೋಸ್ಟ್‌ಮ್ಯಾನ್‌ಗಳ ಬೀದಿವಾರು ಕಟ್ಟು, ಶಾಖೆವಾರು ಕಟ್ಟು ಎಂದು ಬೇರೆ ಮಾಡುತ್ತಾರೆ. ಪ್ರತಿ ಶಾಖೆಗೂ ಒಂದು ಚಿಕ್ಕ ಚೀಲ. ಅದರೊಳಗೆ ಸಾದಾ ಕಾಗದ, ಸ್ಪೀಡ್ ಪೋಸ್ಟ್, ಬೇಕಾದರೆ ನಗದು, ಮೇಲೊಂದು ಬಿ.ಓ. ಸ್ಲಿಪ್. ಲೆಕ್ಕವಿಟ್ಟು ಕಳಿಸುವ ಕಾಗದಗಳೂ ನಗದೂ ಆ ಸ್ಲಿಪ್ಪಿನಲ್ಲಿ ನಮೂದಾಗಬೇಕು. ಬಾಯಿ ಕಟ್ಟಿ, ಮುದ್ರೆ ಹಾಕಿ ಕಳಿಸುತ್ತಾರೆ. ನಿಮ್ಮೂರಿನ ಶಾಖಾ ಪೋಸ್ಟ್‌ಮಾಸ್ಟರು ಮುದ್ರೆ ಒಡೆದಿಲ್ಲ ತಾನೇ ಎಂದು ನೋಡಿ, ಚೀಲ ಬಿಚ್ಚಿ, ಸ್ಲಿಪ್ಪಿಗೂ ಒಳಗಿರುವುದಕ್ಕೂ ತಾಳೆ ನೋಡಿ, ತಾರೀಖಿನ ಮುದ್ರೆ ಹೊಡೆದು ಬಟವಾಡೆಗೆ ಕೊಡುತ್ತಾರೆ. ಸ್ಪೀಡ್ ಪೋಸ್ಟ್ ಟ್ರ್ಯಾಕಿಂಗ್‌ನಲ್ಲಿ 'ಬಿ.ಓ.ಗೆ ರವಾನೆ' ಎಂಬರ್ಥದ ಸಾಲು ಕಂಡರೆ ಕಾಗದ ಈ ಚಿಕ್ಕ ಚೀಲದಲ್ಲಿದೆ ಎಂದರ್ಥ. ಈ ಒಂದು ಮೆಟ್ಟಿಲು ಪಟ್ಟಣದವರಿಗಿಲ್ಲ, ಹಳ್ಳಿಯವರಿಗಿದೆ. ನಿಮಗೆ ಬೇರೆ ಪಿನ್ ಕೊಟ್ಟ ಮಾತ್ರಕ್ಕೆ ಈ ಮೆಟ್ಟಿಲು ತಪ್ಪುವುದಿಲ್ಲ.

ನಿಜವಾಗಿ ದಿನಗಟ್ಟಲೆ ತಡವಾಗುವುದು ಬೇರೆ ಕಾರಣಕ್ಕೆ. ಒಂದು, ಪಿನ್ ತಪ್ಪು. ಪಿನ್ ಒಂದು ಊರು, ಹೆಸರು ಇನ್ನೊಂದು ಊರು ಹೇಳಿದರೆ ವಿಂಗಡಿಸುವ ಕೈ ಪಿನ್ ಹಿಂದೆ ಹೋಗುತ್ತದೆ. ತಪ್ಪು ಕಚೇರಿಗೆ ಹೋದ ಕಾಗದ ಚೀಲದಿಂದ ಚೀಲಕ್ಕೆ ಸುತ್ತಿ ವಾಪಸು ಬರಬೇಕು. ಎರಡು, ಇದೇ ಹೆಚ್ಚು: ಪಿನ್ ಸರಿ ಇದೆ, ಆದರೆ ಶಾಖೆಯ ಹೆಸರೇ ಇಲ್ಲ. ಪಾಂಡವಪುರದವರೆಗೆ ಕಾಗದ ಸಲೀಸಾಗಿ ಬರುತ್ತದೆ, ಯಾವ ಚಿಕ್ಕ ಚೀಲಕ್ಕೆ ಹಾಕುವುದು ಎಂಬಲ್ಲಿ ಸಿಕ್ಕಿಕೊಳ್ಳುತ್ತದೆ. ಆನ್‌ಲೈನ್ ಅರ್ಜಿಗಳಲ್ಲಿ 'ಅಂಚೆ' ಎಂಬ ಕಾಲಂ ಇಲ್ಲದಿರುವುದು ಇದಕ್ಕೆ ದೊಡ್ಡ ಕಾರಣ. ಅರ್ಜಿ ತಯಾರಿಸುವವರಿಗೆ ಹಳ್ಳಿ ನೆನಪಿರುವುದಿಲ್ಲ. ಅಂಥ ಕಡೆ ಬೀದಿಯ ಹೆಸರಿನ ಸಾಲಿನಲ್ಲೇ ಸೇರಿಸಿಬಿಡಿ.

ವಿಳಾಸ ಹೀಗಿರಲಿ: ಹೆಸರು, ಜೊತೆಗೆ ಬಿನ್ ಅಥವಾ ಕೋಂ ಯಾರು (ಒಂದೇ ಊರಿನಲ್ಲಿ ಮೂರು ಜನ ಶಿವಣ್ಣ ಇರುತ್ತಾರೆ), ಮನೆ ನಂಬರು ಅಥವಾ ಬೀದಿ, ಗ್ರಾಮ, ಶಾಖೆಯ ಹೆಸರಿನ ಮುಂದೆ 'ಅಂಚೆ', ತಾಲ್ಲೂಕು, ಜಿಲ್ಲೆ, ಪಿನ್, ಮೊಬೈಲ್ ನಂಬರು. ನಿಮ್ಮೂರಿನ ಕಾಗದ ಪಕ್ಕದೂರಿನ ಶಾಖೆಯಿಂದ ಬರುತ್ತಿದ್ದರೆ 'ಅಂಚೆ' ಸಾಲಿನಲ್ಲಿ ಆ ಊರೇ ಇರಬೇಕು. ಅನುಮಾನವಿದ್ದರೆ ಶಾಖಾ ಪೋಸ್ಟ್‌ಮಾಸ್ಟರನ್ನು 'ನಿಮ್ಮ ಅಕೌಂಟ್ ಆಫೀಸ್ (ಶಾಖೆಯ ಲೆಕ್ಕ ಹೋಗುವ ಕಚೇರಿ) ಯಾವುದು?' ಎಂದು ಕೇಳಿ. ಆ ಕಚೇರಿಯ ಪಿನ್ನೇ ನಿಮ್ಮದು. ಆಧಾರ್, ಬ್ಯಾಂಕು, ಗ್ಯಾಸ್ ಎಲ್ಲದರಲ್ಲೂ ಅದೇ ಇದೆಯೇ ನೋಡಿಕೊಳ್ಳಿ.

ಬಾಗಿಲು ಹಾಕಿತ್ತೆಂದು ಸ್ಪೀಡ್ ಪೋಸ್ಟ್ ಮುಟ್ಟಿಸಲಾಗದಿದ್ದರೆ ಸಾಮಾನ್ಯವಾಗಿ 7 ದಿನ ಕಚೇರಿಯಲ್ಲಿಟ್ಟು ನಂತರ ಕಳಿಸಿದವರಿಗೆ ಹಿಂತಿರುಗಿಸುತ್ತಾರೆ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲೇ ಸೇರಿದೆ. ರಸೀದಿಯ ಮೇಲಿನ 13 ಅಕ್ಷರ-ಅಂಕಿಗಳ ನಂಬರನ್ನು (ಎರಡು ಅಕ್ಷರ, ಒಂಬತ್ತು ಅಂಕಿ, ಕೊನೆಗೆ 'ಐಎನ್') ಜೋಪಾನ ಮಾಡಿ. ಸಾದಾ ಕಾಗದ ತಡವಾದರೆ ಲಕೋಟೆಯನ್ನು ಎಸೆಯಬೇಡಿ. ಮುಂದೆ ಹೊರಟ ಕಚೇರಿಯ ಮುದ್ರೆ, ಹಿಂದೆ ಬಂದ ಕಚೇರಿಯ ಮುದ್ರೆ ಇದ್ದರೆ ಎರಡೂ ತಾರೀಖು ನೋಡಿ. ಪಾಂಡವಪುರಕ್ಕೆ ಬರುವಷ್ಟರಲ್ಲೇ ತಡವಾಗಿತ್ತೋ, ಅಲ್ಲಿಂದ ನಿಮ್ಮೂರಿಗೆ ಬರುವಾಗಲೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ದೂರು ಕೊಡುವಾಗ ಆ ಎರಡು ತಾರೀಖನ್ನೂ ಬರೆಯಿರಿ.