ಯೋಜನೆಗೆ ದುಡ್ಡಿದೆ, ಬಾಡಿಗೆಗೆ ಇಲ್ಲ

ಕೀನ್ಯಾದ ಸಣ್ಣ ಸೇವಾಸಂಸ್ಥೆಗಳ ಲೆಕ್ಕಪತ್ರ ನೋಡುವುದು ನನ್ನ ಕೆಲಸ. ನಾಲ್ಕೈದು ಜನ ಸಂಬಳದವರು, ಒಂದು ಬಾಡಿಗೆ ಕೋಣೆ, ಒಂದು ಹಳೇ ಬೈಕು. ಇಷ್ಟರಲ್ಲೇ ಹಳ್ಳಿಗಳ ಬೋರ್‌ವೆಲ್ ರಿಪೇರಿ ಮಾಡಿಸುತ್ತಾರೆ, ಮಕ್ಕಳ ಶಾಲೆ ಫೀಸು ಕಟ್ಟುತ್ತಾರೆ. ಊರಿನ ಗೆಳೆಯರು ಇವುಗಳ ಬಗ್ಗೆ ಕೇಳುವುದು ಎರಡು ಪ್ರಶ್ನೆ. ಯಾರು ನಡೆಸುತ್ತಾರೆ? ದುಡ್ಡು ಎಲ್ಲಿಂದ ಬರುತ್ತದೆ? ನನ್ನ ಮಟ್ಟಿಗೆ ಇವು ಬೇರೆಬೇರೆ ಪ್ರಶ್ನೆಗಳಲ್ಲ. ದುಡ್ಡು ಯಾವ ಷರತ್ತಿನ ಮೇಲೆ ಬಂತು ಅಂತ ನೋಡಿದರೆ, ಸಂಸ್ಥೆಯಲ್ಲಿ ಯಾರ ಮಾತು ನಡೆಯುತ್ತದೆ ಅನ್ನುವುದೂ ಗೊತ್ತಾಗುತ್ತದೆ.

ಕಾಗದದ ವಿಷಯ ಬೇಗ ಮುಗಿಸೋಣ. ಹಳ್ಳಿ ಮಟ್ಟದ ಗುಂಪಾದರೆ 2022ರ ಸಮುದಾಯ ಗುಂಪುಗಳ ನೋಂದಣಿ ಕಾಯ್ದೆ ಸಾಕು. ಕನಿಷ್ಠ ಹತ್ತು ಸದಸ್ಯರು ಬೇಕು. ಅದಕ್ಕಿಂತ ದೊಡ್ಡದಾಗಿ ಕೆಲಸ ಮಾಡಬೇಕು ಅಂದರೆ ಸಾರ್ವಜನಿಕ ಹಿತ ಸಂಸ್ಥೆಗಳ ಕಾಯ್ದೆ ಇದೆ. ಎಲ್ಲರೂ ಪಿಬಿಒ ಕಾಯ್ದೆ ಅಂತಲೇ ಕರೆಯುತ್ತಾರೆ. ಇದಕ್ಕೆ ಅಂಕಿತ ಬಿದ್ದದ್ದು 2013ರ ಜನವರಿಯಲ್ಲಿ, ಜಾರಿಗೆ ಬಂದದ್ದು 2024ರ ಮೇ 14ರಂದು. ಅಲ್ಲಿಯವರೆಗೆ 1990ರ ಎನ್‌ಜಿಒ ಕಾಯ್ದೆಯೇ ನಡೆಯಿತು. 2013ರ ಕೊನೆಯಲ್ಲಿ ಇನ್ನೊಂದು ಪ್ರಯತ್ನವೂ ಆಯಿತು. ಹೊರದೇಶದ ಹಣ ಸಂಸ್ಥೆಯ ಆದಾಯದ ಶೇ 15 ಮೀರಬಾರದು ಎಂಬ ತಿದ್ದುಪಡಿ ಸಂಸತ್ತಿಗೆ ಬಂತು, ಅಲ್ಲೇ ಬಿದ್ದುಹೋಯಿತು. ಪಾಸಾಗಿದ್ದರೆ ನಾನು ನೋಡುವ ಸಂಸ್ಥೆಗಳಲ್ಲಿ ಹೆಚ್ಚಿನವು ಬಾಗಿಲು ಹಾಕಬೇಕಿತ್ತು.

ಸಂಸ್ಥೆ ನಡೆಸುವ ಬೋರ್ಡಿನಲ್ಲಿ ಸಾಮಾನ್ಯವಾಗಿ ಸಂಬಳವಿಲ್ಲದ ಐದಾರು ಜನ ಇರುತ್ತಾರೆ. ನಿವೃತ್ತ ಮೇಷ್ಟ್ರು, ಚರ್ಚಿನ ಪಾದ್ರಿ, ನೈರೋಬಿಯಲ್ಲಿ ಬ್ಯಾಂಕ್ ಕೆಲಸದಲ್ಲಿರುವ ಊರಿನ ಹುಡುಗ, ಹೆಂಗಸರ ಚಾಮಾ ನಡೆಸುವ ಒಬ್ಬರು. ಚಾಮಾ ಅಂದರೆ ನಮ್ಮ ಚೀಟಿ ಗುಂಪಿನ ಹಾಗೆ. ಇವರಲ್ಲಿ ಗಟ್ಟಿಯಾಗಿ ಲೆಕ್ಕ ಕೇಳುವವರು ಆ ಚಾಮಾದ ಹೆಂಗಸರೇ. ಹತ್ತಾರು ಜನರ ದುಡ್ಡಿಗೆ ಎಲ್ಲರೆದುರು ಲೆಕ್ಕ ಒಪ್ಪಿಸಿ ಅಭ್ಯಾಸ ಇರುತ್ತದೆ. ದಾನಿಗಳು ಮಾತ್ರ ಬೋರ್ಡಿನಲ್ಲಿ ವಕೀಲರು, ಡಾಕ್ಟರೇಟ್ ಆದವರು ಇದ್ದಾರಾ ಅಂತ ಹುಡುಕುತ್ತಾರೆ.

ತೊಡಕು ಬರುವುದು ಸ್ಥಾಪಕರ ಹತ್ತಿರ. ಅವರು ಸ್ವಂತ ದುಡ್ಡು ಹಾಕಿ, ನಿದ್ದೆಗೆಟ್ಟು ಸಂಸ್ಥೆ ಕಟ್ಟಿರುತ್ತಾರೆ. ನೋಂದಣಿಗೆ ಹೆಸರು ಬೇಕು ಅಂತ ಹೆಂಡತಿ, ತಮ್ಮ, ಸ್ನೇಹಿತರನ್ನು ಸೇರಿಸಿರುತ್ತಾರೆ. ಮೋಸದ ಉದ್ದೇಶ ಇರುವುದಿಲ್ಲ. ಆದರೆ ನಾಮ್ಕೇವಾಸ್ತೆ ಬೋರ್ಡು ಸ್ಥಾಪಕರಿಗೇ ಅಪಾಯ. ನಾಳೆ ಯಾರಾದರೂ ಬೊಟ್ಟು ಮಾಡಿದರೆ ಅವರ ಪರವಾಗಿ ಸಾಕ್ಷಿ ಹೇಳುವವರು ಯಾರೂ ಇಲ್ಲ.

ಹಾಗಾಗಿ ನಾನು ಮೊದಲು ತೆರೆಯುವುದು ಬ್ಯಾಂಕ್ ಪುಸ್ತಕವನ್ನಲ್ಲ, ನಡಾವಳಿ ಪುಸ್ತಕವನ್ನು. ಬೋರ್‌ವೆಲ್ ಕೊರೆಯುವ ಕಂಟ್ರಾಕ್ಟರ್ ಅಧ್ಯಕ್ಷರ ಭಾವಮೈದುನ ಅಂದುಕೊಳ್ಳಿ. ಸಣ್ಣ ಊರಲ್ಲಿ ಇದು ಆಗಿಯೇ ಆಗುತ್ತದೆ, ತಪ್ಪೇನಲ್ಲ. ಪುಸ್ತಕದಲ್ಲಿ ಎರಡು ಸಾಲು ಸಾಕು: ಮೂರು ಕೊಟೇಷನ್ ನೋಡಲಾಯಿತು, ಈ ವಿಷಯ ಚರ್ಚೆಗೆ ಬಂದಾಗ ಅಧ್ಯಕ್ಷರು ಹೊರಗೆ ಹೋಗಿದ್ದರು. ಆ ಎರಡು ಸಾಲು ಇಲ್ಲದಿದ್ದರೆ, ಕಡಿಮೆ ರೇಟಿಗೆ ಚೆನ್ನಾಗಿ ಕೊರೆದ ಬೋರ್‌ವೆಲ್ ಕೂಡ ಅನುಮಾನಕ್ಕೆ ದಾರಿಯಾಗುತ್ತದೆ.

ರಸೀದಿಯ ವಿಷಯವೂ ಹಾಗೇ. ಪಂಪು ಹೊತ್ತು ತಂದ ಬೋಡಾ ಬೋಡಾ ಬೈಕಿನವನು ಬಿಲ್ಲು ಎಲ್ಲಿಂದ ಕೊಡಬೇಕು? ಇಲ್ಲಿ 2007ರಿಂದ ಎಂ-ಪೆಸಾ ಇದೆ, ದುಡ್ಡು ಫೋನಿನಲ್ಲೇ ಹೋಗುತ್ತದೆ. ಆ ಮೆಸೇಜಿನ ಪ್ರಿಂಟು, ಅದಕ್ಕೆ ಪಿನ್ ಮಾಡಿದ ವೋಚರು, ಅದರ ಮೇಲೆ ಅವನ ಹೆಸರು, ಫೋನ್ ನಂಬರು, ಎಲ್ಲಿಂದ ಎಲ್ಲಿಗೆ ಏನು ತಂದ, ಸಹಿ. ನನಗೆ ಇಷ್ಟು ಸಾಕು. ಚೆಕ್ಕಿಗೆ ಇಬ್ಬರ ಸಹಿ ಕಡ್ಡಾಯ ಮಾಡಿ, ಎಂ-ಪೆಸಾ ಪಿನ್ ಒಬ್ಬರ ಕೈಯಲ್ಲೇ ಬಿಟ್ಟಿದ್ದರೆ ಮಾತ್ರ ಸುಮ್ನೆ ಬಿಡುವುದಿಲ್ಲ.

ಇನ್ನು ದುಡ್ಡು ಬರುವ ದಾರಿ. ಒಂದು, ಹೊರದೇಶದ ಸೋದರ ಸಂಸ್ಥೆ. ಬ್ರಿಟನ್ನಿನಲ್ಲಿ ಕೆಲವು ಸ್ನೇಹಿತರು ಸೇರಿ ಸಣ್ಣ ಚಾರಿಟಿ ನೋಂದಾಯಿಸುತ್ತಾರೆ. ಅಲ್ಲಿ ತೆರಿಗೆ ಕಟ್ಟುವವರು 1 ಪೌಂಡ್ ಕೊಟ್ಟರೆ ಗಿಫ್ಟ್ ಏಡ್ ಪ್ರಕಾರ ಸರ್ಕಾರ 25 ಪೆನ್ಸ್ ಸೇರಿಸುತ್ತದೆ. ಇನ್ನೊಂದು, ದೊಡ್ಡ ಫೌಂಡೇಶನ್ನುಗಳು ಮತ್ತು ಸರ್ಕಾರಗಳ ಅನುದಾನ. ಇದು ಬಹಳ ಸಲ ದೊಡ್ಡ ಸಂಸ್ಥೆಯ ಕೈಯಿಂದ ಸಣ್ಣದಕ್ಕೆ ಹರಿದು ಬರುತ್ತದೆ. ಮೂರನೆಯದು ಊರಿನವರೇ ಕೂಡಿಸುವ ಹರಾಂಬೀ ವಂತಿಗೆ.

ಅನುದಾನದ ದುಡ್ಡಿನಲ್ಲಿ ಬಹುಪಾಲು ಕಟ್ಟಿಹಾಕಿದ ದುಡ್ಡು. ಇಷ್ಟು ಬೋರ್‌ವೆಲ್ಲು, ಇಷ್ಟು ತರಬೇತಿ, ಅಷ್ಟೇ. ಕೋಣೆ ಬಾಡಿಗೆ ಯಾರು ಕೊಡಬೇಕು? ಅಕೌಂಟೆಂಟ್ ಸಂಬಳ? ಸಂಬಳಕ್ಕೆ ದುಡ್ಡು ಬಂದರೂ ಪೂರ್ತಿ ಬರುವುದಿಲ್ಲ. ಇಲ್ಲಿ ಉದ್ಯೋಗದಾತರು ಪಿಂಚಣಿ ನಿಧಿಗೆ ತಮ್ಮ ಪಾಲು ಹಾಕಬೇಕು, ವಸತಿ ಸುಂಕವೆಂದು ಸಂಬಳದ ಶೇ 1.5 ಬೇರೆ ಕಟ್ಟಬೇಕು. ದಾನಿಯ ಬಜೆಟ್ಟಿನಲ್ಲಿ ಆ ಸಾಲೇ ಇರುವುದಿಲ್ಲ. ಭಾರತದ ಓದುಗರಿಗೆ ಈ ಸಂಕಟ ಹೊಸದಲ್ಲ. ಹೊರದೇಶದ ದೇಣಿಗೆ ನಿಯಂತ್ರಿಸುವ ನಮ್ಮ ಎಫ್‌ಸಿಆರ್‌ಎ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ಖರ್ಚಿನ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು, ಒಂದು ಸಂಸ್ಥೆ ಇನ್ನೊಂದಕ್ಕೆ ಹೊರದೇಶದ ಹಣ ಕೊಡುವುದನ್ನೂ ನಿಲ್ಲಿಸಿತು.

ವಿನಿಮಯ ದರದ ಹೊಡೆತ ಬೇರೆ. 2024ರ ಜನವರಿಯಲ್ಲಿ ಡಾಲರಿಗೆ ಸುಮಾರು 160 ಶಿಲಿಂಗ್ ಇತ್ತು, ಏಪ್ರಿಲ್ ಹೊತ್ತಿಗೆ ಸುಮಾರು 130. ದೇಶಕ್ಕೆ ಒಳ್ಳೆಯದೇ ಆಯಿತು. ಆದರೆ 10,000 ಡಾಲರ್ ಬರುತ್ತದೆ ಅಂತ 16 ಲಕ್ಷ ಶಿಲಿಂಗಿನ ಬಜೆಟ್ ಬರೆದವರ ಕೈಗೆ ಬಂದದ್ದು 13 ಲಕ್ಷ. ಮೂರು ಲಕ್ಷ ಎಲ್ಲಿ ಕಡಿಮೆ ಮಾಡುವುದು? ಬೋರ್‌ವೆಲ್ ಲೆಕ್ಕ ಬದಲಾಯಿಸಲು ದಾನಿಯ ಒಪ್ಪಿಗೆ ಬೇಕು. ಹಾಗಾಗಿ ಕತ್ತರಿ ಬೀಳುವುದು ಸಂಬಳಕ್ಕೆ.

ಮುಂದಿನ ವರ್ಷ ಇದಕ್ಕಿಂತ ಜಾಸ್ತಿ ಪೆಟ್ಟು ಬಿತ್ತು. 2025ರ ಜನವರಿ 20ರಂದು ಅಮೆರಿಕ ವಿದೇಶಿ ನೆರವನ್ನು ತಡೆಹಿಡಿಯಿತು. ಜುಲೈ 1ಕ್ಕೆ ಆ ನೆರವು ಹಂಚುತ್ತಿದ್ದ ಸರ್ಕಾರಿ ಸಂಸ್ಥೆ ಯುಎಸ್‌ಎಐಡಿಯ ಕೆಲಸವೇ ನಿಂತಿತು. ಇಂಥ ಹೊತ್ತಲ್ಲಿ ಸಂಸ್ಥೆ ಉಳಿಯುತ್ತದೋ ಇಲ್ಲವೋ ಅನ್ನುವುದು ಅದು ಎಷ್ಟು ದೊಡ್ಡ ಅನುದಾನ ತಂದಿತ್ತು ಅನ್ನುವುದರ ಮೇಲೆ ನಿಲ್ಲುವುದಿಲ್ಲ. ಷರತ್ತಿಲ್ಲದ ದುಡ್ಡು ಎಷ್ಟು ತಿಂಗಳಿಗೆ ಸಾಕು ಅನ್ನುವುದೇ ಮುಖ್ಯ. ಆರು ತಿಂಗಳ ಬಾಡಿಗೆ, ಸಂಬಳ ಕೈಯಲ್ಲಿದ್ದರೆ ಹೊಸ ದಾನಿಗಳನ್ನು ಹುಡುಕಲು ಸಮಯ ಸಿಗುತ್ತದೆ.

ಈ ಮೀಸಲು ಕೂಡಿಸುವುದು ಬೋರ್ಡಿನ ಕೆಲಸ. ಒಪ್ಪಂದಕ್ಕೆ ಸಹಿ ಹಾಕುವ ಮೊದಲು ‘ಆಡಳಿತ ಖರ್ಚಿನ ಪಾಲು ಸೇರಿಸಿ’ ಎಂದು ದಾನಿಗೆ ಹೇಳುವ ಧೈರ್ಯ ಬೇಕು. ಅಮೆರಿಕ ಸರ್ಕಾರವೇ 2024ರ ಅಕ್ಟೋಬರಿನಲ್ಲಿ ತನ್ನ ಅನುದಾನಗಳಲ್ಲಿ ಈ ಪಾಲನ್ನು ಶೇ 10ರಿಂದ ಶೇ 15ಕ್ಕೆ ಏರಿಸಿತ್ತು. ಹಾಗಾಗಿ ಶೇ 15 ಕೇಳಿದರೆ ಅದು ದುರಾಸೆಯಲ್ಲ. ಕೊಡುವುದಿಲ್ಲ ಅಂದರೆ, ಆ ಅನುದಾನ ಬೇಡ ಅನ್ನುವ ಹಕ್ಕೂ ಬೋರ್ಡಿಗೆ ಇದೆ. ಅದನ್ನೂ ನಡಾವಳಿ ಪುಸ್ತಕದಲ್ಲಿ ಬರೆಯಿರಿ, ಯಾಕೆ ಬೇಡ ಅಂದಿರಿ ಎಂಬ ಕಾರಣದ ಸಮೇತ.