ಹೆಸರು ಬೇರೆ, ಮಾತ್ರೆ ಒಂದೇ ಜಾತಿ

‘ಹೊಟ್ಟೆನೋವಿನ ಮಾತ್ರೆ ಎರಡು ಕೊಡಿ’ ಅಂದರೆ ಸಾಕು, ಮೆಡಿಕಲ್ ಶಾಪಿನವರು ಹತ್ತರ ಸ್ಟ್ರಿಪ್ಪಿನಿಂದ ಎರಡು ಕತ್ತರಿಸಿ ಕೊಡುತ್ತಾರೆ. ಒಳಗೆ ಏನಿದೆ ಎಂಬ ಬರಹ ಉಳಿದ ಎಂಟರ ಬೆನ್ನಿನಲ್ಲೇ ಉಳಿದುಬಿಡುತ್ತದೆ. ತೊಂದರೆ ಇಲ್ಲಿಂದಲೇ ಶುರು.

ಮುಟ್ಟಿನ ಮೊದಲ ದಿನ ಬೆಳಿಗ್ಗೆ ಎಂಟಕ್ಕೆ ಮೆಫ್ಟಾಲ್-ಸ್ಪಾಸ್ ನುಂಗಿದ್ದಾಯಿತು. ಒಂಬತ್ತೂವರೆಯಾದರೂ ನೋವು ಇಳಿಯಲಿಲ್ಲವೆಂದು ಗೆಳತಿಯ ಬ್ಯಾಗಿನ ಕಾಂಬಿಫ್ಲಾಮ್. ‘ಅದು ಕೇಳಲಿಲ್ಲ, ಬೇರೆಯದು ತಗೊಂಡೆ’ ಅನ್ನುತ್ತಾರೆ. ಬೇರೆಯದಲ್ಲ ತಾಯೀ! ಮೊದಲಿನದರಲ್ಲಿ ಮೆಫೆನಾಮಿಕ್ ಆಸಿಡ್ 250 ಮಿ.ಗ್ರಾಂ, ಸೆಳೆತಕ್ಕೆ ಡೈಸೈಕ್ಲೋಮಿನ್ 10. ಎರಡನೆಯದರಲ್ಲಿ ಐಬುಪ್ರೊಫೆನ್ 400, ಪ್ಯಾರಾಸಿಟಮಾಲ್ 325. ಮೆಫೆನಾಮಿಕ್, ಐಬುಪ್ರೊಫೆನ್, ಡೈಕ್ಲೊಫೆನಾಕ್, ನ್ಯಾಪ್ರೊಕ್ಸೆನ್ ಎಲ್ಲವೂ ಒಂದೇ ಮನೆಯ ಅಕ್ಕತಂಗಿಯರು. ನಮ್ಮ ದೇಹವೇ ತಯಾರಿಸುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕದ ತಯಾರಿಯನ್ನು ತಡೆಯುವುದೇ ಎಲ್ಲವುಗಳ ಕೆಲಸ. ಗರ್ಭಕೋಶವನ್ನು ಹಿಂಡುವುದು ಆ ಪ್ರೊಸ್ಟಗ್ಲಾಂಡಿನ್, ಸರಿ. ಆದರೆ ಜಠರದ ಒಳಪದರವನ್ನು ಆಮ್ಲದಿಂದ ಕಾಯುವುದೂ, ಮೂತ್ರಪಿಂಡಕ್ಕೆ ರಕ್ತ ಸರಿಯಾಗಿ ಹರಿಯುವಂತೆ ನೋಡಿಕೊಳ್ಳುವುದೂ ಅದೇ. ಎರಡನ್ನು ಒಟ್ಟಿಗೆ ನುಂಗಿದರೆ ನೋವು ಇಳಿಯುವುದು ಅಷ್ಟಕ್ಕಷ್ಟೆ, ಹೊಟ್ಟೆಹುಣ್ಣಿನ ಭಯ ಮಾತ್ರ ಹೆಚ್ಚುತ್ತದೆ.

ಮೊದಲ ಮಾತ್ರೆ ಯಾಕೆ ಕೇಳಲಿಲ್ಲ? ಬಹಳ ಸಲ, ತಡವಾಗಿ ನುಂಗಿದ್ದಕ್ಕೆ. ಮಾತ್ರೆ ಪ್ರೊಸ್ಟಗ್ಲಾಂಡಿನ್‌ನ ಮುಂದಿನ ತಯಾರಿಯನ್ನು ತಡೆಯುತ್ತದೆ, ಆಗಲೇ ತಯಾರಾದದ್ದನ್ನು ಅಳಿಸುವುದಿಲ್ಲ. ಹಲ್ಲುಕಚ್ಚಿ ಮಧ್ಯಾಹ್ನದವರೆಗೆ ತಡೆದು ಆಮೇಲೆ ನುಂಗುವುದು ಶೌರ್ಯವೇನಲ್ಲ. ಸೆಳೆತ ಶುರುವಾದ ಕೂಡಲೇ ಎರಡು ಇಡ್ಲಿಯನ್ನೋ ಬಾಳೆಹಣ್ಣನ್ನೋ ತಿಂದು, ಒಂದು ಲೋಟ ತುಂಬ ನೀರಿನ ಜೊತೆ ತೆಗೆದುಕೊಳ್ಳಿ. ಖಾಲಿ ಹೊಟ್ಟೆಗೆ ಕಾಫಿ ಜೊತೆ ಬೇಡ. ಮುಂದಿನದು ವೈದ್ಯರು ಹೇಳಿದ ಅಂತರದಲ್ಲಿ, ಸಾಮಾನ್ಯವಾಗಿ ಆರರಿಂದ ಎಂಟು ಗಂಟೆ ಬಿಟ್ಟು, ಎರಡು-ಮೂರು ದಿನ ಮಾತ್ರ. ನಡುವೆ ತಡೆಯಲಾಗದಿದ್ದರೆ ಬರೀ ಪ್ಯಾರಾಸಿಟಮಾಲ್ ಸೇರಿಸಬಹುದು, ಆದರೆ ಅದು ಮೊದಲ ಮಾತ್ರೆಯಲ್ಲೇ ಸೇರಿರಬಾರದು, ಲಿವರ್ ತೊಂದರೆಯೂ ಇರಬಾರದು.

ನೀರಿನ ಮಾತು ಸುಮ್ಮನೆ ಹೇಳಿದ್ದಲ್ಲ. ಕಾಲೇಜು, ಕಚೇರಿಯ ಶೌಚಾಲಯ ನೆನೆದು ಆ ದಿನಗಳಲ್ಲಿ ನೀರೇ ಕುಡಿಯದ ಹುಡುಗಿಯರಿದ್ದಾರೆ. ಜೊತೆಗೆ ವಾಂತಿ, ಭೇದಿಯೂ ಆಗಿದ್ದರೆ ಮೈ ಒಣಗಿರುತ್ತದೆ. ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲೇ. ‘ಗ್ಯಾಸ್ ಮಾತ್ರೆ ತಗೊಂಡಿದ್ದೀನಲ್ಲ’ ಅನ್ನಬೇಡಿ, ಪ್ಯಾಂಟೊಪ್ರಜೋಲ್ ಜಠರ ಕಾಯುತ್ತದೆ, ಮೂತ್ರಪಿಂಡವನ್ನಲ್ಲ. ಅಲ್ಸರ್, ಬಿಪಿ ಮಾತ್ರೆ, ನೋವಿನ ಮಾತ್ರೆಗೆ ಕೆರಳುವ ಉಬ್ಬಸ, ಗರ್ಭಿಣಿಯಿರಬಹುದೆಂಬ ಸಂಶಯ, ಇವುಗಳಲ್ಲಿ ಒಂದಿದ್ದರೂ ಮೊದಲು ವೈದ್ಯರನ್ನು ಕೇಳಿ. ಮಳೆಗಾಲದಲ್ಲಿ ಜ್ವರವೂ ಇದ್ದರೆ ಡೆಂಗಿ ಅಲ್ಲವೆಂದು ಖಚಿತವಾಗುವವರೆಗೆ ಈ ಜಾತಿಯ ಮಾತ್ರೆ ಮುಟ್ಟಬೇಡಿ, ರಕ್ತಸ್ರಾವದ ಅಪಾಯವಿದೆ.

2023ರ ನವೆಂಬರ್ ಕೊನೆಯಲ್ಲಿ ಔಷಧಗಳ ಗುಣಮಟ್ಟ ನೋಡಿಕೊಳ್ಳುವ ಭಾರತೀಯ ಫಾರ್ಮಕೋಪಿಯಾ ಆಯೋಗ ಮೆಫೆನಾಮಿಕ್ ಆಸಿಡ್‌ನಿಂದ ‘ಡ್ರೆಸ್’ ಎಂಬ ತೀವ್ರ ಅಲರ್ಜಿ ಬರಬಹುದೆಂದು ಎಚ್ಚರಿಸಿತು. ಅಪರೂಪದ್ದೇ, ಗಾಬರಿ ಬೇಡ. ಆದರೆ ಅದು ಮಾತ್ರೆ ಶುರುಮಾಡಿ ಎರಡರಿಂದ ಎಂಟು ವಾರಕ್ಕೆ ತಲೆ ಎತ್ತುತ್ತದೆ. ಜ್ವರ, ಮೈಮೇಲೆ ದದ್ದು, ಕುತ್ತಿಗೆ, ಕಂಕುಳಲ್ಲಿ ಊದಿದ ಗಂಟುಗಳು ಕಾಣಿಸಿದಾಗ ಹೋದ ತಿಂಗಳ ಮಾತ್ರೆ ಯಾರಿಗೂ ನೆನಪಿರುವುದಿಲ್ಲ. ಮಾತ್ರೆ ತೆಗೆದುಕೊಂಡ ದಿನ ಸ್ಟ್ರಿಪ್ಪಿನ ಹಿಂಭಾಗದ ಫೋಟೋ ತೆಗೆದಿಟ್ಟುಕೊಳ್ಳಿ. ದದ್ದು, ಡಾಂಬರಿನಂತೆ ಕಪ್ಪು ಮಲ, ಕಡಿಮೆಯಾದ ಮೂತ್ರ, ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ, ಆ ಫೋಟೋ ಹಿಡಿದುಕೊಂಡೇ ಆಸ್ಪತ್ರೆಗೆ ಬನ್ನಿ. ‘ಬಿಳೀ ಮಾತ್ರೆ, ಉದ್ದಕ್ಕಿತ್ತು’ ಅಂದರೆ ನಮಗೆ ಗೊತ್ತಾಗುವುದಿಲ್ಲ.