ಓದುಗರ ಪ್ರಶ್ನೆ: ಅಚ್ಚಿಗೆ ಸುರಿದ ಲೇಟೆಕ್ಸ್ ಒಳಗೆ ಒಣಗುತ್ತಲೇ ಇಲ್ಲ, ಏಕೆ?

ಪ್ರಶ್ನೆ: ಕಾಲೇಜು ವಾರ್ಷಿಕೋತ್ಸವಕ್ಕೆ ಸೂಪರ್‌ಹೀರೋ ಉಡುಪು ಹೊಲಿದುಕೊಂಡಿದ್ದೇನೆ. ಎದೆಯ ಲಾಂಛನಕ್ಕೆಂದು ಸಿಲಿಕೋನ್ ಅಚ್ಚಿಗೆ ಲೇಟೆಕ್ಸ್ ಸುರಿದು ಮೂರು ದಿನವಾಯಿತು. ಮೇಲೆ ರಬ್ಬರಿನಂತಾಗಿದೆ, ಒತ್ತಿದರೆ ಒಳಗಿಂದ ಬಿಳಿ ಹಾಲು ಬರುತ್ತದೆ. ಗಟ್ಟಿಯಾಗಲು ಇನ್ನೇನಾದರೂ ಬೆರೆಸಬೇಕಿತ್ತೇ?

ಉತ್ತರ: ಏನೂ ಬೆರೆಸಬೇಕಿರಲಿಲ್ಲ. ಎಡವಟ್ಟಾಗಿರುವುದು ಅಚ್ಚಿನಲ್ಲಿ. ಅಂಗಡಿಯ ಲೇಟೆಕ್ಸ್‌ನಲ್ಲಿ ಸುಮಾರು 60% ರಬ್ಬರ್, ಉಳಿದದ್ದು ಬಹುಪಾಲು ನೀರು, ಜೊತೆಗೆ ಹೆಪ್ಪುಗಟ್ಟದಿರಲು ಒಂದಿಷ್ಟು ಅಮೋನಿಯಾ. ನೀರು ಹೊರಗೆ ಹೋದರೇನೇ ಅದು ಗಟ್ಟಿಯಾಗುವುದು. ಸಿಲಿಕೋನ್ ಒಂದು ಹನಿಯನ್ನೂ ಹೀರುವುದಿಲ್ಲ. ಮೇಲೆ ಕಟ್ಟಿದ ಕೆನೆ ಆವಿಯ ದಾರಿಯನ್ನೂ ಮುಚ್ಚುತ್ತದೆ.

ಅದೇ ಅಚ್ಚು ಬಳಸಲೇಬೇಕೆಂದರೆ ಸುರಿಯಬೇಡಿ, ಬ್ರಷ್‌ನಿಂದ ತೆಳುವಾಗಿ ಎಂಟು-ಹತ್ತು ಪದರ ಹಚ್ಚಿ. ಬಿಳುಪು ಹೋಗಿ ಜೇನಿನ ಬಣ್ಣಕ್ಕೆ ತಿರುಗಿದ ಮೇಲೆಯೇ ಮುಂದಿನ ಪದರ. ಮಳೆಗಾಲದ ಕರಾವಳಿಯಲ್ಲಿ ಇದಕ್ಕೆ ಸಿಕ್ಕಾಪಟ್ಟೆ ತಾಳ್ಮೆ ಬೇಕು.

ನಮ್ಮನ್ನು ಕೇಳಿದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಚ್ಚೇ ಸರಿ. ಅದರ ಗೋಡೆ ನೀರು ಹೀರುತ್ತಾ ಹೋದಂತೆ ರಬ್ಬರ್ ಅಲ್ಲೇ ಪದರವಾಗಿ ಕೂರುತ್ತದೆ. ಲೇಟೆಕ್ಸ್ ಒಣಗಿದಾಗ 5ರಿಂದ 10% ಕುಗ್ಗುವುದರಿಂದ, 15 ಸೆಂ.ಮೀ. ಲಾಂಛನ ಬೇಕಿದ್ದರೆ ಜೇಡಿಮಾದರಿಯನ್ನು 16 ಸೆಂ.ಮೀ. ಅಗಲಕ್ಕೆ ಮಾಡಿ. ನೆಲಕ್ಕೆ ಹಾಸುವ ಟೈಲ್ ಮೇಲೆ ಎಣ್ಣೆಜೇಡಿಯಲ್ಲಿ ಮಾದರಿ ತಿದ್ದಿ, ಸುತ್ತ 20×20 ಸೆಂ.ಮೀ. ಚೌಕಟ್ಟು ಕಟ್ಟಿ. 4 ಸೆಂ.ಮೀ. ಎತ್ತರ ತುಂಬಲು 1 ಲೀಟರ್ ನೀರಿಗೆ 1.5 ಕೆ.ಜಿ. ಪುಡಿ ಸಾಕು. ನೀರಿಗೆ ಪುಡಿ ಉದುರಿಸಿ. ಪುಡಿಗೆ ನೀರು ಹೊಯ್ದರೆ ಗಂಟಾಗುತ್ತದೆ. ಗಟ್ಟಿಯಾದ ಅಚ್ಚನ್ನು ಗಾಳಿಯಾಡುವ ಕಡೆ ಹಲವು ದಿನ ಒಣಗಿಸಿ. ಹಸಿ ಅಚ್ಚು ನೀರು ಹೀರದು, ಅಲ್ಲಿಗೆ ಮತ್ತೆ ಸಿಲಿಕೋನ್ ಕಥೆಯೇ. ಒಳಮೈಗೆ ಎಣ್ಣೆಯನ್ನಾಗಲಿ ವ್ಯಾಸಲೀನನ್ನಾಗಲಿ ಸವರಲೇಬೇಡಿ: ರಂಧ್ರ ಮುಚ್ಚುತ್ತದೆ, ಎಣ್ಣೆ ರಬ್ಬರನ್ನೂ ಕೊಳೆಸುತ್ತದೆ.

ಡಬ್ಬಿ ಅಲುಗಿಸಿದರೆ ಗುಳ್ಳೆ ಏಳುತ್ತದೆ. ಮೊದಲ ಪದರವನ್ನು ಬ್ರಷ್‌ನಿಂದ ಮೂಲೆಮೂಲೆಗೂ ತಾಗಿಸಿ, ಆಮೇಲೆ ನಿಧಾನವಾಗಿ ಸುರಿಯಿರಿ. ಬ್ರಷ್ ಅನ್ನು ಮೊದಲೇ ಸಾಬೂನು ನೀರಿನಲ್ಲಿ ಅದ್ದಿಡದಿದ್ದರೆ ಎಳೆಗಳೆಲ್ಲ ಅಂಟಿಕೊಂಡು ಅದು ಕಸಕ್ಕೆ ಹೋದಂತೆಯೇ. ಉಬ್ಬು 5 ಮಿ.ಮೀ. ಒಳಗಿದ್ದರೆ ಮಟ್ಟ ಇಳಿದಂತೆಲ್ಲ ಮತ್ತೆ ತುಂಬುತ್ತಾ ಬನ್ನಿ. ಅದಕ್ಕಿಂತ ದಪ್ಪವಾದರೆ ಗಟ್ಟಿಯಾಗಿ ಎರಕ ಹೊಯ್ಯುವ ಹಟ ಬೇಡ. ಗೋಡೆಗೆ ಸುಮಾರು 2 ಮಿ.ಮೀ. ಕಟ್ಟಿದೊಡನೆ ಮಿಕ್ಕಿದ್ದನ್ನು ಡಬ್ಬಿಗೆ ವಾಪಸು ಬಗ್ಗಿಸಿ, ಒಣಗಿದ ಸಿಪ್ಪೆಯ ಹಿಂದೆ ಸ್ಪಂಜು ತುಂಬಿ. ಹಗುರ, ಬೇಗ ಒಣಗುತ್ತದೆ, ಎದೆಯ ಮೇಲೆ ಚೆನ್ನಾಗಿ ಬಾಗುತ್ತದೆ.

ಬಿಡಿಸುವಾಗ ಟಾಲ್ಕಮ್ ಪೌಡರ್ ಉದುರಿಸುತ್ತಾ ಅಂಚಿನಿಂದ ಎಬ್ಬಿಸಿ. ಹೊಸ ಲೇಟೆಕ್ಸ್ ತನಗೆ ತಾನೇ ಅಂಟಿಕೊಂಡರೆ ಬಿಡಿಸಲಾಗದು.

ಬರೀ ಅಕ್ರಿಲಿಕ್ ಬಣ್ಣ ಬಾಗಿದ ಕಡೆ ಬಿರುಕು ಬಿಡುತ್ತದೆ, ಅದನ್ನು ಲೇಟೆಕ್ಸ್‌ಗೇ ಬೆರೆಸಿ ಹಚ್ಚಿ. ಹಸಿಯಿದ್ದಾಗ ಪೇಲವವಾಗಿ ಕಾಣುವುದು ಒಣಗಿದ ಮೇಲೆ ಗಾಢವಾಗುತ್ತದೆ. ಚಿನ್ನದ ಬಣ್ಣಕ್ಕೆ ಕಂಚಿನ ಪುಡಿ ಮಾತ್ರ ಬೇಡ, ಅದರ ತಾಮ್ರ ರಬ್ಬರನ್ನು ಕೆಡಿಸುತ್ತದೆ. ಮೈಕಾ ಪುಡಿ ಬಳಸಿ.

ಉಡುಪಿಗೆ ಅಂಟಿಸುವಾಗ ಬಟ್ಟೆ ಮೈಮೇಲಿದ್ದಷ್ಟೇ ಹಿಗ್ಗಿರಬೇಕು, ಇಲ್ಲದಿದ್ದರೆ ತೊಟ್ಟಾಗ ಅಂಚು ಕಿತ್ತುಬರುತ್ತದೆ. ರಬ್ಬರ್ ಆಧಾರಿತ ಅಂಟನ್ನು ಎರಡೂ ಕಡೆ ಸವರಿ, ಕೈಗೆ ಹತ್ತದಷ್ಟು ಆರಿದ ಮೇಲೆ ಒತ್ತಿ.

ಸುಳ್ಯ, ಪುತ್ತೂರು ಕಡೆಯವರಿಗೆ ರಬ್ಬರ್ ತೋಟದ ಹಾಲನ್ನೇ ಬಳಸುವ ಆಸೆಯಾಗಬಹುದು. ಮರದ ಹಾಲು ವಲ್ಕನೈಸ್ (ಗಂಧಕ ಬೆರೆಸಿ ಕಾಯಿಸಿ ರಬ್ಬರಿಗೆ ಬಿಗಿ ತರುವುದು) ಆಗಿರುವುದಿಲ್ಲ. ಒಣಗಿದರೂ ಅಂಟಂಟು, ಎಳೆದರೆ ಮೊದಲಿನ ಆಕಾರಕ್ಕೆ ಮರಳದು. ಅಂಗಡಿಯಲ್ಲಿ ಪ್ರೀವಲ್ಕನೈಸ್ಡ್ (ಮೊದಲೇ ವಲ್ಕನೈಸ್ ಮಾಡಿದ್ದು) ಎಂದು ಕೇಳಿಯೇ ಕೊಳ್ಳಿ. ಬಲೂನ್, ರಬ್ಬರ್ ಕೈಗವಸು ತಾಗಿದರೆ ನವೆ ಬರುವವರು ಲೇಟೆಕ್ಸ್ ಮುಟ್ಟುವುದೇ ಬೇಡ, ಅವರಿಗೆ ಫೋಮ್ ಶೀಟ್ ಕತ್ತರಿಸಿದ ಲಾಂಛನ ಸಾಕು.